ಫ್ರಾನ್ಸಿಗೆ ಹೊಂಟಾಳ ಹುಡುಗಿ: ಬರೇ ‘ಬೋಂಝೂರ್’ ಅಂದ್ರ ಸಾಕೇನ್ರೀ?

ಉಣಕಲ್_ಕೆರಿ (ಹುಬ್ಬಳ್ಳಿ)

ಎಲ್ಲಾರಿಗೂ ಶರಣ್ರೀ. ನಮ್ಮ ಅಣ್ಣನ ಮಗಳು ಆಗಸ್ಟ್ ಕೊನಿಗೆ ಎಂ.ಎಸ್ಸಿ. ಓದಾಕ ಲಿಯೋನ್‌ಗೆ ಹೊಂಟಾಳ. ಪಾಠ ಇಂಗ್ಲಿಷಿನಾಗ ನಡೀತಾವಂತ. ಆದ್ರ ಅಂಗಡಿ, ಬಸ್ಸು, ಮನಿ ಮಾಲಕಿ ಎಲ್ಲಾ ಫ್ರೆಂಚ್. ಮೊಬೈಲ್ ಆಪ್‌ನಾಗ ಒಂದೀಟು ಕಲ್ತಾಳ. ಪದ ಬರ್ತಾವ, ಯಾವಾಗ ಯಾರಿಗೆ ಏನನ್ನಬೇಕು ಅನ್ನೂದು ಗೊತ್ತಾಗವಲ್ದು.

ಕೇಳೂದು ಇಷ್ಟು. ಅಂಗಡಿಗೆ ಹೋಗಿ ಬೋಂಝೂರ್ (ನಮಸ್ಕಾರ) ಅಂದು ಸಾಮಾನು ಕೇಳಿದ್ರ ನಡೀತೈತೋ, ಮತ್ತೇನರೆ ಸೇರಸಬೇಕೋ? ಎಷ್ಟು ಗಂಟೆತನಕ ಬೋಂಝೂರ್, ಎಷ್ಟರಿಂದ ಬೋಂಸ್ವಾರ್ (ಸಂಜೀ ನಮಸ್ಕಾರ)? ಗಲ್ಲಕ್ಕ ಗಲ್ಲ ಹಚ್ಚೂದು ಕಡ್ಡಾಯ ಏನು? ಮನ್ಯಾಗ ಆಕಿ ಅವ್ವಗ ಅದರದ ಚಿಂತಿ. ಪ್ರೊಫೆಸರಿಗೆ, ಮಾಲಕಿಗೆ, ಕ್ಲಾಸಿನ ಹುಡುಗೂರಿಗೆ ‘ನೀ’ ಅನ್ನಬೇಕೋ ‘ನೀವು’ ಅನ್ನಬೇಕೋ? ಇನ್ನ ಉಚ್ಚಾರ. ಆಕಿ ಬೋಂಝೂರ್ ಅಂದ್ರ ನನಗ ‘ಬಂಜರು’ ಅಂದಂಗ ಕೇಳತೈತಿ.

ಯೂಟ್ಯೂಬ್ ನೋಡ್ರಿ ಅನ್ನಬ್ಯಾಡ್ರಿ. ಅದನ್ನ ನೋಡೇ ಇಷ್ಟು ಗೊಂದಲ ಆಗೇತಿ.

ಸಾಧನಕೇರಿ_ಮಳೆ (ಧಾರವಾಡ)

ನಮ್ಮ ಕಡೆ ಮರ್ಯಾದೆಯ ಬಹುಪಾಲು ಭಾರವನ್ನು ‘ರೀ’ ಒಂದೇ ಹೊರುತ್ತದೆ. ‘ಒಂದ್ ಕಿಲೋ ಸಕ್ರಿ ಕೊಡ್ರೀ’ ಅಂದರೆ ಮುಗಿಯಿತು. ಅದರಲ್ಲಿ ನಮಸ್ಕಾರ ಇಲ್ಲ, ‘ದಯವಿಟ್ಟು’ ಇಲ್ಲ, ‘ಸಾವಕಾರ್ರ’ ಅಂತಲೂ ಇಲ್ಲ. ಆದರೂ ಅಂಗಡಿಯವರಿಗೆ ಬೇಸರ ಆಗುವುದಿಲ್ಲ. ಫ್ರೆಂಚಿನಲ್ಲಿ ಆ ‘ರೀ’ ಮಾಡುವ ಕೆಲಸವನ್ನು ಮೂರು ಮಾತುಗಳು ಹಂಚಿಕೊಂಡಿವೆ: ‘ವು’ (ನೀವು), ‘ಮೆಸ್ಯೋ’ (ಗಂಡಸರಿಗೆ) ಅಥವಾ ‘ಮದಾಮ್’ (ಹೆಂಗಸರಿಗೆ), ಏನಾದರೂ ಕೇಳುವಾಗ ‘ಸಿಲ್ ವು ಪ್ಲೆ’ (ದಯವಿಟ್ಟು). ನಮ್ಮ ಹುಡುಗರು ಅಲ್ಲಿ ಒರಟರಂತೆ ಕಾಣುವುದು ಮನಸ್ಸಿನಲ್ಲಿ ಒರಟುತನ ಇದ್ದು ಅಲ್ಲ. ಕನ್ನಡದಲ್ಲಿ ಯೋಚಿಸಿ ಫ್ರೆಂಚಿನಲ್ಲಿ ಹೇಳುವಾಗ ‘ರೀ’ ದಾರಿಯಲ್ಲಿ ಉದುರಿಹೋಗಿರುತ್ತದೆ, ಅಷ್ಟೇ.

ಈ ಮೂರಕ್ಕೂ ಮೊದಲು ಬರಬೇಕಾದ್ದು ಬೋಂಝೂರ್. ಅದು ಬಾಗಿಲು ಬಡಿದ ಹಾಗೆ. ಬಡಿಯದೆ ಒಳಗೆ ಹೋದರೆ ಆಮೇಲೆ ಎಷ್ಟು ಸಲ ಮೆರ್ಸಿ (ಧನ್ಯವಾದ) ಅಂದರೂ ಮೊದಲಿನ ತಪ್ಪು ಅಳಿಯುವುದಿಲ್ಲ. ಬೇಕರಿಯಲ್ಲಿ ನಡೆಯುವ ಮಾತು ಹೀಗಿರುತ್ತದೆ:

— ಬೋಂಝೂರ್ ಮದಾಮ್.
(ಇಲ್ಲಿ ನಿಲ್ಲಬೇಕು. ಅವರು ತಿರುಗಿ ಬೋಂಝೂರ್ ಅನ್ನುವ ತನಕ ಮುಂದಿನ ಮಾತು ಬೇಡ.)
— ಬೋಂಝೂರ್ ಮದಾಮ್. ವು ದೆಜ಼ಿರೇ? (ಏನು ಬೇಕಾಗಿತ್ತು?)
— ಝ ವುದ್ರೆ ಯೂನ್ ಬಾಗೆತ್, ಸಿಲ್ ವು ಪ್ಲೆ. (ಒಂದು ಬಾಗೆತ್, ಅಂದರೆ ಉದ್ದನೆಯ ಬ್ರೆಡ್ಡು, ಬೇಕಾಗಿತ್ತು.)
(ಹಣ ಕೊಟ್ಟ ಮೇಲೆ) — ಮೆರ್ಸಿ. ಬೊನ್ ಝುರ್ನೇ (ದಿನ ಚೆನ್ನಾಗಿರಲಿ). ಓ ರವ್ವಾರ್.

ಎಲ್ಲರೂ ತಪ್ಪುವುದು ಆ ನಿಲ್ಲುವ ಜಾಗದಲ್ಲಿ. ‘ಬೋಂಝೂರ್‌ಯೂನ್‌ಬಾಗೆತ್’ ಅಂತ ಒಂದೇ ಉಸಿರಿಗೆ ಹೇಳಿದರೆ ನಮಸ್ಕಾರ ಮಾಡಿದಂತೆ ಲೆಕ್ಕವಿಲ್ಲ. ಬೋಂಝೂರ್ ಬಿಟ್ಟು ನೇರ ಸಾಮಾನು ಕೇಳಿದರೆ ಕೆಲವರು ಸಾಮಾನು ಕೊಡದೆ ಮುಖ ನೋಡಿ, ತುಸು ಎಳೆದು, ‘ಬೋಂಝೂಊರ್’ ಅನ್ನುತ್ತಾರೆ. ಅದನ್ನು ಸ್ವಾಗತ ಅಂದುಕೊಳ್ಳಬಾರದು, ಅದು ಪಾಠ. ನಾಚಿಕೊಳ್ಳದೆ ತಿರುಗಿ ಬೋಂಝೂರ್ ಅಂದು ಮತ್ತೆ ಮೊದಲಿಂದ ಶುರು ಮಾಡಿದರೆ ಆಯಿತು. 2013ರಲ್ಲಿ ನೀಸ್ ನಗರದ ಒಂದು ಕೆಫೆಯವರು ಇದನ್ನೇ ದರಪಟ್ಟಿಯಲ್ಲಿ ಬರೆದು ಹಾಕಿದ್ದರು: ‘ಒಂದು ಕಾಫಿ’ ಅಂದರೆ 7 ಯೂರೋ, ‘ಒಂದು ಕಾಫಿ, ಸಿಲ್ ವು ಪ್ಲೆ’ ಅಂದರೆ 4.25, ‘ಬೋಂಝೂರ್, ಒಂದು ಕಾಫಿ, ಸಿಲ್ ವು ಪ್ಲೆ’ ಅಂದರೆ 1.40. ತಮಾಷೆಗೆ ಹಾಕಿದ್ದೇ. ಆದರೆ ಯಾವ ಮಾತಿಗೆ ಎಷ್ಟು ತೂಕ ಅನ್ನುವುದು ಇದಕ್ಕಿಂತ ಸ್ಪಷ್ಟವಾಗಿ ಯಾವ ಪುಸ್ತಕದಲ್ಲೂ ಸಿಗದು.

‘ಝ ವುದ್ರೆ’ ಬದಲು ‘ಝ ವೋ’ ಬೇಡ. ಎರಡನೆಯದು ‘ನನಗೆ ಬೇಕು’ ಅಂತ ಹಟ ಮಾಡಿದಂತೆ, ಮೊದಲನೆಯದು ‘ಬೇಕಾಗಿತ್ತು’ ಅಂದಂತೆ.

ದಾರಿ ಕೇಳುವಾಗಲೂ ಇದೇ ಕ್ರಮ. ಇಂಗ್ಲಿಷ್ ರೂಢಿಯಲ್ಲಿ ಎಕ್ಸ್‌ಕ್ಯೂಸ್ ಮಿ ಅಂತ ಶುರು ಮಾಡುತ್ತೇವಲ್ಲ, ಅಲ್ಲಿ ‘ಬೋಂಝೂರ್, ಎಕ್ಸ್‌ಕ್ಯುಜ಼ೇ ಮ್ವಾ’ ಅನ್ನಬೇಕು. ಬಸ್ಸು ಹತ್ತುವಾಗ ಚಾಲಕರಿಗೆ, ಲಿಫ್ಟಿನಲ್ಲಿ ಒಳಗಿದ್ದವರಿಗೆ, ದವಾಖಾನೆಯ ಕಾಯುವ ಕೋಣೆಯಲ್ಲಿ ಕೂತವರಿಗೆಲ್ಲ ಸೇರಿಸಿ ಒಂದು, ಸೂಪರ್‌ಮಾರ್ಕೆಟ್ಟಿನ ಗಲ್ಲಾದಲ್ಲಿ ಒಂದು. ರಸ್ತೆಯಲ್ಲಿ, ಮೆಟ್ರೋದಲ್ಲಿ ಗುರುತಿಲ್ಲದವರಿಗೆ ಬೇಡ. ಅಲ್ಲಿ ಬೋಂಝೂರ್ ಅಂದರೆ ಇವರಿಗೇನೋ ಬೇಕಾಗಿದೆ ಅಂದುಕೊಳ್ಳುತ್ತಾರೆ. ಬೆಟ್ಟದ ಕಾಲುದಾರಿಯಲ್ಲಿ ಎದುರಾದವರಿಗೆ ಮಾತ್ರ ಮತ್ತೆ ಅನ್ನುತ್ತಾರೆ, ನಮ್ಮ ಹಳ್ಳಿಯ ಹೊಲದ ದಾರಿಯ ಹಾಗೆ.

ಹೊತ್ತಿನ ವಿಷಯ. ಸಂಜೆ ಐದಾರು ಗಂಟೆಯಿಂದ ಬೋಂಸ್ವಾರ್. ಗಡಿಯಾರದ ನಿಯಮ ಇಲ್ಲ. ಚಳಿಗಾಲದಲ್ಲಿ ಬೇಗ ಕತ್ತಲಾಗುವುದರಿಂದ ತುಸು ಮುಂಚೆಯೇ ಶುರುವಾಗುತ್ತದೆ. ಎದುರಿನವರು ಏನಂದರೋ ಅದನ್ನೇ ತಿರುಗಿ ಹೇಳಿದರೆ ತಪ್ಪಾಗದು. ‘ಬೊನ್ ನ್ವೀ’ (ಶುಭರಾತ್ರಿ) ಮಲಗಲು ಹೋಗುವವರಿಗೆ ಮಾತ್ರ. ರಾತ್ರಿ ಎಂಟಕ್ಕೆ ಅಂಗಡಿಯಿಂದ ಹೊರಡುವಾಗ ಹಾಗಂದರೆ ನಗುತ್ತಾರೆ. ಆಗ ‘ಬೊನ್ ಸ್ವಾರೇ’ ಅನ್ನಬೇಕು. ಬಂದಾಗ ಬೋಂಝೂರ್, ಹೋಗುವಾಗ ಬೊನ್ ಝುರ್ನೇ. ಬಂದಾಗ ಬೋಂಸ್ವಾರ್, ಹೋಗುವಾಗ ಬೊನ್ ಸ್ವಾರೇ. ಎರಡು ಜೋಡಿ, ಅದಲುಬದಲು ಆಗಬಾರದು.

ಅದೇ ದಿನ ಅದೇ ಮನುಷ್ಯ ಮತ್ತೆ ಸಿಕ್ಕರೆ ಎರಡನೇ ಬೋಂಝೂರ್ ಬೇಡ. ಬೆಳಿಗ್ಗೆ ಅಂದದ್ದು ಮರೆತಿದ್ದೀರಿ ಅಂತ ಅರ್ಥ ಬರುತ್ತದೆ. ‘ರಬೋಂಝೂರ್’ ಅಂತಾರೆ, ಇಲ್ಲವೇ ಒಂದು ನಗೆ ಸಾಕು.

ಕಡೆಗೆ ‘ಓ ರವ್ವಾರ್’. ಮತ್ತೆ ನೋಡುವ ತನಕ ಅಂತ ಅದರ ಅರ್ಥ. ನಮ್ಮಲ್ಲಿ ‘ಹೋಗ್ತೀನಿ’ ಅನ್ನಬಾರದು, ‘ಹೋಗಿ ಬರ್ತೀನ್ರೀ’ ಅನ್ನಬೇಕು ಅಂತಾರಲ್ಲ, ಥೇಟ್ ಅದೇ. ಆಪ್‌ಗಳಲ್ಲಿ ಕಾಣುವ ‘ಆದ್ಯೋ’ ಅಂದರೆ ದೇವರಿಗೆ ಒಪ್ಪಿಸಿದೆ ಅಂತ. ಮತ್ತೆ ಸಿಗದವರಿಗೆ ಹೇಳುವುದು. ಲಿಯೋನಿನಲ್ಲಿ ಮಾಲಕಿಗೆ ಅದನ್ನು ಹೇಳಿ ಹೊರಟರೆ ಬಾಡಿಗೆ ಮನೆ ಬಿಟ್ಟು ಹೋದಳೇನೋ ಅಂದುಕೊಂಡಾರು.

ಲಕ್ಕುಂಡಿ_ಬಾವಿ (ಗದಗ)

ಉಚ್ಚಾರಕ್ಕ ನಾ ಬರೀತೀನಿ. ‘ಬಂಜರು’ ಯಾಕ ಆಗತೈತಿ ಅಂದ್ರ, ನಮ್ಮ ಅನುಸ್ವಾರಕ್ಕ ಸ್ವಂತ ಧ್ವನಿ ಇಲ್ಲ. ಮುಂದ ಜ ಬಂದ್ರ ಅದು ಞ ಆಗತೈತಿ, ಬ ಬಂದ್ರ ಮ ಆಗತೈತಿ. ಫ್ರೆಂಚಿನಾಗ ಹಂಗಲ್ಲ. ಅಲ್ಲಿ ಸ್ವರಾನ ಮೂಗಿಗೆ ಏರತೈತಿ, ಹಿಂದ ವ್ಯಂಜನ ಬರಂಗಿಲ್ಲ. ‘ಬೋ’ ಅಂತ ಹಿಡೀರಿ, ಅರ್ಧ ಉಸಿರು ಮೂಗಿನಾಗ ಬಿಡ್ರಿ. ನಾಲಿಗಿ ಮ್ಯಾಲಿನ ಅಂಗಳಕ್ಕ ತಾಗಬಾರದು, ತುಟಿ ಮುಚ್ಚಬಾರದು. ಪರೀಕ್ಷೆ ಸರಳ: ‘ಬೋಂ’ ಅಂತ ಐದು ಎಣಿಸೂತನಕ ಎಳದು ನಿಲ್ಲಸ್ರಿ. ಕೊನಿಗೆ ಬಾಯಿ ತೆರದೇ ಇದ್ರ ಸರಿ, ತುಟಿ ಕೂಡಿದ್ರ ‘ಬೋಮ್’ ಆತು, ನಾಲಿಗಿ ತಾಗಿದ್ರ ‘ಬೋನ್’ ಆತು.

ಎರಡನೇದು ಝ. ಇದು ನಮ್ಮ ‘ಝರಿ’ಯ ಝ ಅಲ್ಲ, ಬರಿಯಾಕ ಬ್ಯಾರೆ ಅಕ್ಷರ ಇಲ್ಲಂತ ಬರಿಯೂದು. ‘ಶ್ ಶ್ ಶ್’ ಅಂತ ಹುಡುಗೂರನ್ನ ಸುಮ್ಮನಿರಸೂ ಸಪ್ಪಳ ಮಾಡ್ರಿ. ನಾಲಿಗಿ ಅಲ್ಲೇ ಇರಲಿ, ಗಂಟಲಿಗೆ ಬೆರಳ ಹಚ್ಚಿ ಅಲ್ಲಿ ನಡುಕ ಬರೂ ಹಂಗ ದನಿ ಕೊಡ್ರಿ. ಅದ ಅದು. ನಾಲಿಗಿ ಬಡದು ಬಿಟ್ರ ಜ ಆಗತೈತಿ, ಉಜ್ಜಿಕೋತ ಹೋಗಬೇಕು.

ಮೂರನೇದು ಕೊನೀ ರ್. ನಾಲಿಗಿ ತುದಿ ಇಲ್ಲಿ ಕೆಲಸಕ್ಕ ಬರಂಗಿಲ್ಲ. ಹುಬ್ಬಳ್ಳಿ ಹುಡುಗಿಗೆ ಇದು ಸಸಾರ. ಉರ್ದು ಬಲ್ಲವರು ‘ಗಜಲ್’ ಅನ್ನೂವಾಗ ಗಂಟಲದಾಗಿನ ಗ ಕೇಳೇ ಇರತಾಳ. ಅದನ್ನ ಇನ್ನ ಒಂದೀಟು ಸಣ್ಣ ಮಾಡಿ ಪದದ ಕೊನಿಗೆ ಹಚ್ಚಿದ್ರ ಫ್ರೆಂಚ್ ರ್ ಸಮೀಪ ಬಂತು. ಬರಲಿಲ್ಲಂದ್ರ ನಮ್ಮ ರ್ ಹಾಕಿದ್ರೂ ತಿಳೀತೈತಿ, ಅದಕ್ಕ ತಲಿ ಕೆಡಸ್ಕೊಳ್ಳೂದು ಬ್ಯಾಡ. ಬೋಂ ತಪ್ಪಬಾರದು, ಅಷ್ಟ.

‘ಮೆಸ್ಯೋ’ ಬರಿಯೂವಾಗ ಮೊನ್‌ಸಿಯೂರ್ ಅಂದಂಗ ಕಾಣತೈತಿ, ಆದ್ರ ‘ಮೊನ್’ ಇಲ್ಲ, ಕೊನಿಗೆ ರ್ ಇಲ್ಲ. ಮ ಹಗುರ, ಆಮ್ಯಾಲೆ ‘ಸ್ಯ’ ಹಚ್ಚಿ ಒಂದು ಸ್ವರ. ಆ ಸ್ವರ ಹಿಂಗ: ನಾಲಿಗೀನ್ಯಾಗ ‘ಏ’ ಇಟ್ಗೊಂಡು ತುಟೀನ್ಯಾಗ ‘ಓ’ ಮಾಡ್ರಿ. ಇದರ ತಮ್ಮ ಇನ್ನೊಂದೈತಿ, ನಾಲಿಗಿ ‘ಈ’, ತುಟಿ ‘ಊ’. ‘ಸಾಲ್ಯು’ (ಸಲಿಗಿ ನಮಸ್ಕಾರ) ಒಳಗ, ‘ತ್ಯು’ (ನೀನು) ಒಳಗ ಬರೂದು ಇದ. ‘ತೂ’ ಅಂದ್ರ ‘ಎಲ್ಲಾ’ ಅನ್ನೂ ಅರ್ಥದ ಬ್ಯಾರೆ ಪದ ಆತು. ಕನ್ನಡಿ ಮುಂದ ನಿಂತು ‘ಈ’ ಅನಕೋತ ತುಟಿ ಅಷ್ಟ ಮುಂದ ತಂದ್ರ ಎರಡು ದಿನದಾಗ ಬರತೈತಿ.

ನಮಗ ಲಾಭ ಆಗೂದೂ ಐತಿ. ಫ್ರೆಂಚಿನ ತ, ದ ನಮ್ಮ ತ, ದ ಇದ್ದಂಗ ಹಲ್ಲಿಗೆ ತಾಗೂವು. ಪ, ಕ ಒಳಗ ಉಸಿರು ಸಿಡಿಯೂದಿಲ್ಲ. ಹಂಗಾಗಿ ‘ಮದಾಮ್’ ಅನ್ನಾಕ ಕನ್ನಡದವರಿಗೆ ಕಲಿಯೂದು ಏನೂ ಇಲ್ಲ. ಇಂಗ್ಲಿಷಿನ ‘ಮ್ಯಾಡಮ್’ ಮಾತ್ರ ಬಾಯಾಗಿಂದ ತಗೀರಿ. ಒತ್ತು ಕೊನೀ ‘ದಾಮ್’ ಮ್ಯಾಲೆ.

‘ಕೊಮಾಂ ತಾಲೇ ವು?’ (ಹೆಂಗದೀರಿ?) ಅನ್ನೂದರಾಗ ಎರಡನೇ ಪದದ ಮುಂದಿನ ತ ಎಲ್ಲಿಂದ ಬಂತು ಅಂತ ಕೇಳ್ತಾರ. ಮೊದಲನೇ ಪದದ ಕೊನಿಗೆ ಬರದು ಸುಮ್ಮನಿದ್ದ ತ ಅದು. ಮುಂದ ಸ್ವರ ಬಂದ್ರ ಎದ್ದು ಬರತೈತಿ, ನಮ್ಮ ಸಂಧಿ ಇದ್ದಂಗ.

ಉಣಕಲ್_ಕೆರಿ (ಹುಬ್ಬಳ್ಳಿ)

ಇಬ್ಬರಿಗೂ ಭಾಳ ಉಪಕಾರ ಆತ್ರಿ. ‘ಈ’ ಅನಕೋತ ತುಟಿ ಮುಂದ ತರೂದು ಮನಿ ಮಂದೆಲ್ಲಾ ನಡಸೇವಿ. ಇನ್ನ ಗಲ್ಲದ್ದು, ನೀ-ನೀವು ಎರಡು ಉಳದಾವ. ಮತ್ತ, ಬೋಂಝೂರ್ ಆದ ಕೂಡ್ಲೇ ಕೊಮಾಂ ತಾಲೇ ವು ಅಂತ ಆಪ್‌ನಾಗ ಐತಿ, ಅಂಗಡ್ಯಾಗೂ ಅನ್ನಬೇಕೇನು?

ಹಾವೇರಿ_ಏಲಕ್ಕಿ

ಅಂಗಡಿಯಲ್ಲಿ ಅನ್ನಬಾರದು. ‘ಕೊಮಾಂ ತಾಲೇ ವು’, ‘ಸಾ ವಾ’ ಇವು ಗುರುತಿದ್ದವರಿಗೆ. ‘ಸಾ ವಾ?’ ಅಂದರೆ ‘ಆರಾಮ?’ ಇದ್ದಂತೆ, ಉತ್ತರವೂ ‘ಸಾ ವಾ’. ತಲೆನೋವು, ಪರೀಕ್ಷೆ ಎಲ್ಲ ಬಿಚ್ಚುವ ಜಾಗ ಅದಲ್ಲ. ಇದೇ ಮಾತಿಗೆ ಸೇರಿಸಿ ಹೇಳುವುದು: ನಮ್ಮ ‘ಊಟಾತೇನ್ರೀ?’ ಅನ್ನುವುದನ್ನು ಫ್ರೆಂಚಿಗೆ ತಿರುಗಿಸಬೇಡಿ. ಅವರು ಅದನ್ನು ನಿಜವಾದ ಪ್ರಶ್ನೆ ಅಂದುಕೊಂಡು, ಊಟಕ್ಕೆ ಕರೆಯುತ್ತಿದ್ದಾಳೆ ಅಂತ ತಿಳಿಯುತ್ತಾರೆ.

ಗಲ್ಲದ ವಿಷಯಕ್ಕೆ ಅವರ ತಾಯಿ ಅಂಜುವುದು ಬೇಡ. ಅದಕ್ಕೆ ‘ಲಾ ಬೀಜ಼್’ ಅಂತ ಹೆಸರು (‘ಬೀಜ’ ಅಂತ ಓದಬೇಡಿ). ಮುತ್ತು ಅಂತ ಅನುವಾದ ಮಾಡಿದ್ದರಿಂದಲೇ ಇಷ್ಟು ಗಾಬರಿ. ತುಟಿ ಗಲ್ಲಕ್ಕೆ ತಾಗುವುದಿಲ್ಲ. ಗಲ್ಲಕ್ಕೆ ಗಲ್ಲ ಹಗುರಾಗಿ ತಾಗಿಸಿ ಗಾಳಿಯಲ್ಲಿ ಸಣ್ಣ ಸಪ್ಪಳ, ಆಮೇಲೆ ಇನ್ನೊಂದು ಗಲ್ಲ. ಪ್ಯಾರಿಸ್, ಲಿಯೋನ್ ಕಡೆ ಸಾಮಾನ್ಯವಾಗಿ ಎರಡು, ಮೊಂಪೆಲಿಯೇ ಕಡೆ ಮೂರು, ಬೆಲ್ಜಿಯಂನಲ್ಲಿ ಒಂದು, ಸ್ವಿಟ್ಜರ್ಲೆಂಡಿನ ಫ್ರೆಂಚ್ ಭಾಗದಲ್ಲಿ ಮೂರು. ಫ್ರಾನ್ಸಿನಲ್ಲಿ ಹೆಚ್ಚಿನ ಕಡೆ ಮೊದಲು ಬಲಗಲ್ಲ, ಆಗ್ನೇಯದ ಕೆಲವು ಕಡೆ ಎಡಗಲ್ಲ. ಬೇರೆ ಊರಿನ ಫ್ರೆಂಚರಿಗೇ ಇದು ಗೊತ್ತಾಗದೆ ಮೂಗಿಗೆ ಮೂಗು ಬಡಿಸಿಕೊಳ್ಳುತ್ತಾರೆ.

ಯಾರೊಂದಿಗೆ? ಗೆಳೆಯರು, ಅವರ ಮನೆಯವರು, ಪಾರ್ಟಿಯಲ್ಲಿ ಗೆಳೆಯರು ಪರಿಚಯಿಸಿದವರು. ಹೆಣ್ಣು-ಹೆಣ್ಣು, ಹೆಣ್ಣು-ಗಂಡು ಸಾಮಾನ್ಯ. ಗಂಡಸರಿಬ್ಬರು ಹೆಚ್ಚಾಗಿ ಕೈ ಕುಲುಕುತ್ತಾರೆ, ಬಹಳ ಹತ್ತಿರದವರಾದರೆ ಬೀಜ಼್. ಪ್ರೊಫೆಸರು, ಮಾಲಕಿ, ಕಚೇರಿಯ ಗುಮಾಸ್ತರು ಇವರೊಂದಿಗೆ ಮೊದಲ ಭೇಟಿಗೆ ಬೀಜ಼್ ಇಲ್ಲವೇ ಇಲ್ಲ.

ಬೇಡ ಅನ್ನಿಸಿದರೆ ಉಪಾಯ ಹೊತ್ತಿನಲ್ಲಿದೆ. ಎದುರಿನವರು ಮುಂದೆ ಬಾಗುವ ಮೊದಲೇ, ಎರಡು ಹೆಜ್ಜೆ ದೂರದಲ್ಲಿರುವಾಗಲೇ, ನಗುತ್ತ ಬಲಗೈ ಚಾಚಿಬಿಡಬೇಕು. ಬಾಗಿದ ಮೇಲೆ ಹಿಂದೆ ಸರಿದರೆ ಅವಮಾನವಾದಂತೆ ಕಾಣುತ್ತದೆ. ತಡವಾದರೆ ‘ಝ ಸ್ವಿ ಆಂರ್ಯುಮೇ’ (ನೆಗಡಿಯಾಗಿದೆ) ಅನ್ನುವುದು ಎಲ್ಲರೂ ಒಪ್ಪುವ ನೆಪ. 2020ರಲ್ಲಿ ಕೊರೊನಾ ಬಂದಾಗ ಅಲ್ಲಿನ ಸರ್ಕಾರವೇ ಬೀಜ಼್, ಕೈಕುಲುಕು ಎರಡೂ ಬೇಡ ಅಂದಿತ್ತು. ಪದ್ಧತಿ ಮರಳಿ ಬಂದಿದೆ, ಆದರೆ ಒಲ್ಲೆ ಅನ್ನುವುದು ಮೊದಲಿಗಿಂತ ಸುಲಭ.

ಇದಕ್ಕಿಂತ ನಮ್ಮವರು ಎಡವುವುದು ಅಪ್ಪುಗೆಯಲ್ಲಿ. ಸಿನಿಮಾ ನೋಡಿ ಗೆಳತಿಯನ್ನು ತಬ್ಬಿಕೊಂಡರೆ ಅವರು ಮರಗಟ್ಟಿ ನಿಲ್ಲುತ್ತಾರೆ. ಅಲ್ಲಿ ತಬ್ಬುವುದು ಬೀಜ಼್‌ಗಿಂತ ಹೆಚ್ಚಿನ ಸಲಿಗೆ. ಇನ್ನೊಂದು ಎಚ್ಚರ: ಬೀಜ಼್ ಕೊಡುವುದಕ್ಕೆ ‘ಫೇರ್ ಲಾ ಬೀಜ಼್’ ಅಂತಲೇ ಅನ್ನಬೇಕು. ಹಳೆಯ ನಿಘಂಟು ನೋಡಿ ‘ಬೇಜ಼ೇ’ ಅನ್ನುವ ಕ್ರಿಯಾಪದ ಬಳಸಿದರೆ ಈಗ ಅದು ಅಶ್ಲೀಲ.

ಕೈಕುಲುಕು ಬಿಗಿಯಾಗಿ, ಚಿಕ್ಕದಾಗಿ, ಒಂದು ಸಲ ಅಲುಗಿಸಿ ಬಿಡುವುದು. ಎರಡೂ ಕೈ ಸೇರಿಸಿ ಹಿಡಿದುಕೊಂಡೇ ಮಾತಾಡುವ ನಮ್ಮ ರೂಢಿ ಅಲ್ಲಿ ಅತಿಯಾಗುತ್ತದೆ. ಕಣ್ಣು ನೋಡಬೇಕು, ನೆಲ ಅಲ್ಲ. ಹಿರಿಯರು ಮೊದಲು ಕೈ ಚಾಚಲಿ. ಕೈ ಹಸಿಯಾಗಿದ್ದರೆ ಅವರು ಮಣಿಕಟ್ಟನ್ನೋ ಮುಂಗೈಯನ್ನೋ ಚಾಚುತ್ತಾರೆ. ಗಾಬರಿಯಾಗದೆ ಅದನ್ನೇ ಹಿಡಿದು ಬಿಡುವುದು. ಕೈಮುಗಿದರೆ? ಯಾರಿಗೂ ಬೇಜಾರಿಲ್ಲ, ಆದರೆ ಬೋಂಝೂರ್ ಬಾಯಲ್ಲಿ ಬರಲೇಬೇಕು.

ಗಲ್ಲಾದಲ್ಲಿ ಕೂತ ಚಿಕ್ಕ ವಯಸ್ಸಿನ ಹುಡುಗಿಗೆ ‘ಮದಮ್ವಾಜ಼ೆಲ್’ ಅನ್ನಬೇಕು ಅನ್ನುವುದನ್ನೂ ಕಲಿಸಿಬಿಡಿ.

ಸಾಧನಕೇರಿ_ಮಳೆ (ಧಾರವಾಡ)

ಏಲಕ್ಕಿಯವರೇ, ಕೊನೆಯ ಸಾಲು ಒಪ್ಪಲಾರೆ. 2012ರ ಫೆಬ್ರುವರಿ 21ರಂದು ಪ್ರಧಾನಿ ಫ್ರಾನ್ಸ್ವಾ ಫಿಯೋನ್ ಅವರ ಕಚೇರಿ ಸುತ್ತೋಲೆ ಹೊರಡಿಸಿ ಸರ್ಕಾರಿ ಅರ್ಜಿಗಳಿಂದ ‘ಮದಮ್ವಾಜ಼ೆಲ್’ ತೆಗೆಸಿತು. ಗಂಡಸರಿಗೆ ಮದುವೆಯಾದರೂ ಆಗದಿದ್ದರೂ ‘ಮೆಸ್ಯೋ’ ಒಂದೇ ಇರುವಾಗ ಹೆಂಗಸರಿಗೆ ಮಾತ್ರ ಎರಡೇಕೆ ಅನ್ನುವುದು ವಾದ. ಮಾತಿನಲ್ಲಿ ಅದು ಇನ್ನೂ ಉಳಿದಿದೆ, ನಿಜ. ಆದರೆ ಹೊರಗಿನಿಂದ ಬಂದವಳು ಬಳಸಿದರೆ ಮದುವೆಯಾಗಿಲ್ಲ ಅಂತ ಅಳೆದು ಹೇಳಿದಂತಾಗುತ್ತದೆ. ದೊಡ್ಡವರೆಲ್ಲರಿಗೂ ಮದಾಮ್, ಅಲ್ಲಿಗೆ ಮುಗಿಯಿತು.

ನೀ-ನೀವು ಕನ್ನಡದವರಿಗೆ ಸುಲಭ, ಅದಕ್ಕೇ ಮೋಸ ಹೋಗುತ್ತೇವೆ. ‘ವು’ ನಮ್ಮ ‘ನೀವು’ ಥರವೇ ಗೌರವಕ್ಕೂ ಬಹುವಚನಕ್ಕೂ ಒಂದೇ. ದೇವರಿಗೆ ಅವರೂ ಏಕವಚನವೇ. ಪ್ರೊಫೆಸರು, ಮಾಲಕಿ, ಅಂಗಡಿಯವರು, ಪೊಲೀಸರು, ಗುರುತಿಲ್ಲದ ದೊಡ್ಡವರು ಎಲ್ಲರಿಗೂ ‘ವು’. ಸಹಪಾಠಿಗಳಿಗೆ ಮೊದಲ ದಿನದಿಂದಲೇ ‘ತ್ಯು’. ಅಲ್ಲಿ ‘ವು’ ಅಂದರೆ ದೂರ ಇಟ್ಟಂತೆ. ಮಕ್ಕಳಿಗೆ ‘ತ್ಯು’. ‘ವು’ದಿಂದ ‘ತ್ಯು’ಗೆ ಇಳಿಯುವ ಮಾತನ್ನು ಹಿರಿಯರೇ ಎತ್ತಬೇಕು: ‘ಓಂ ಸ ತ್ಯುತ್ವಾ?’ (ಏಕವಚನ ಸಾಕಲ್ಲ?) ಅಂತ ಅವರು ಕೇಳುತ್ತಾರೆ. ಒಮ್ಮೆ ಇಳಿದ ಮೇಲೆ ಮತ್ತೆ ‘ವು’ಗೆ ಹತ್ತಬಾರದು, ಸಿಟ್ಟಾಗಿದ್ದಾಳೆ ಅಂತ ಓದಿಕೊಳ್ಳುತ್ತಾರೆ.

ಮೋಸ ಇರುವುದು ಎದುರಿಗಿಲ್ಲದವರ ಬಗ್ಗೆ ಮಾತಾಡುವಾಗ. ನಾವು ‘ಸರ್ ಬಂದಾರ’, ‘ಮೇಡಂ ಹೇಳ್ಯಾರ’ ಅಂತ ಬಹುವಚನ ಹಚ್ಚುತ್ತೇವೆ. ಫ್ರೆಂಚಿನಲ್ಲಿ ಒಬ್ಬ ಪ್ರೊಫೆಸರ್ ಅಂದರೆ ‘ಇಲ್’ ಅಥವಾ ‘ಎಲ್’, ಏಕವಚನ. ಗೌರವಕ್ಕೆಂದು ಬಹುವಚನ ಬಳಸಿದರೆ ಎಷ್ಟು ಜನ ಪ್ರೊಫೆಸರು ಅಂತ ಕೇಳುತ್ತಾರೆ. ‘ವು’ ಜೊತೆ ಕ್ರಿಯಾಪದ ಬಹುವಚನ ಆದರೂ ವಿಶೇಷಣ ಆ ಒಬ್ಬರ ಲಿಂಗ, ವಚನಕ್ಕೆ ಹೊಂದಬೇಕು ಅನ್ನುವುದು ಬರವಣಿಗೆಯಲ್ಲಿ ನೆನಪಿರಲಿ. ‘ಆಂಶಾಂತೇ’ (ಭೇಟಿಯಾಗಿ ಸಂತೋಷ) ಹುಡುಗಿ ಬರೆದರೆ ಕೊನೆಗೆ ಇನ್ನೊಂದು ‘ಇ’ ಅಕ್ಷರ ಸೇರುತ್ತದೆ, ಕಿವಿಗೆ ವ್ಯತ್ಯಾಸ ಇಲ್ಲ.

ಪ್ರೊಫೆಸರಿಗೆ ‘ಬೋಂಝೂರ್ ಮೆಸ್ಯೋ’ ಸಾಕು. ಹೆಸರೂ ಬೇಡ, ‘ಪ್ರೊಫೆಸರ್’ ಅಂತಲೂ ಬೇಡ. ‘ಸಾಲ್ಯು’ ಬಂದಾಗಲೂ ಹೋಗುವಾಗಲೂ ನಡೆಯುವ ಮಾತು, ಆದರೆ ‘ತ್ಯು’ ಅನ್ನುವವರಿಗೆ ಮಾತ್ರ. ‘ಕುಕು’ ಇನ್ನೂ ಸಲಿಗೆಯದು. ಡೆಲ್ಫ್ ಎ1 (ಫ್ರೆಂಚ್ ಭಾಷೆಯ ಆರಂಭದ ಮಟ್ಟದ ಪರೀಕ್ಷೆ) ಬರೆಯುವ ಯೋಚನೆ ಇದ್ದರೆ ಅಲ್ಲಿನ 5ರಿಂದ 7 ನಿಮಿಷದ ಮೌಖಿಕದಲ್ಲೂ ನಮಸ್ಕಾರ, ಬೀಳ್ಕೊಡುಗೆ, ‘ವು’ ಇವನ್ನು ನೋಡುತ್ತಾರೆ. ವ್ಯಾಕರಣ ಬಲ್ಲವರೂ ಬೋಂಝೂರ್ ಮರೆತು ನೇರ ಉತ್ತರಕ್ಕೆ ಇಳಿಯುತ್ತಾರೆ.

ಒಂದು ಸಣ್ಣ ಬಲೆ. ಊಟಕ್ಕೆ ಕರೆದವರು ‘ಇನ್ನೊಂದಿಷ್ಟು?’ ಅಂದಾಗ ಬರೀ ‘ಮೆರ್ಸಿ’ ಅಂದರೆ ‘ಸಾಕ್ರೀ’ ಅಂತ ಅರ್ಥ ಆಗಬಹುದು. ಬೇಕಿದ್ದರೆ ‘ವಿ, ವೊಲೋಂತ್ಯೇ’ (ಹೂಂ, ಸಂತೋಷವಾಗಿ) ಅನ್ನಬೇಕು. ನಮ್ಮ ಹಾಗೆ ಮೂರು ಸಲ ಒತ್ತಾಯ ಮಾಡುವ ಮಂದಿ ಅಲ್ಲ ಅವರು, ಹಸಿದು ಏಳಬೇಕಾದೀತು.

ಗದಗ_ಅಚ್ಚುಮೊಳೆ

ಮಾಲಕಿಗೆ ಮೊದಲ ನಮಸ್ಕಾರ ಹೋಗುವುದು ಇಮೇಲಿನಲ್ಲಿ, ಅದನ್ನು ಯಾರೂ ಬರೆದಿಲ್ಲ. ಮೊದಲ ಸಾಲು ‘ಬೋಂಝೂರ್ ಮದಾಮ್’, ಆಮೇಲೆ ಅಲ್ಪವಿರಾಮ, ಒಂದು ಸಾಲು ಬಿಟ್ಟು ವಿಷಯ ದೊಡ್ಡಕ್ಷರದಿಂದ ಶುರು. ಕೊನೆಗೆ ‘ಕೊರ್ದ್ಯಾಲ್ಮಾಂ’ (ವಿಶ್ವಾಸದಿಂದ ಅಂತ ಮುಗಿಸುವ ಮಾತು) ಮತ್ತು ಹೆಸರು. ‘ರೆಸ್ಪೆಕ್ಟೆಡ್ ಮೇಡಂ’ ಅನ್ನುವುದನ್ನು ಫ್ರೆಂಚಿಗೆ ತಿರುಗಿಸಬೇಡಿ, ಅಂಥ ಒಕ್ಕಣೆ ಅಲ್ಲಿಲ್ಲ. ‘ಶೇರ್ ಮದಾಮ್’ (ಪ್ರಿಯ) ಪರಿಚಯ ಆದ ಮೇಲೆ.

ವಿಶ್ವವಿದ್ಯಾಲಯ, ಬ್ಯಾಂಕು, ಸರ್ಕಾರಿ ಕಚೇರಿಗೆ ಪತ್ರ ಬರೆಯುವಾಗ, ಓದುವವರು ಯಾರು ಅಂತ ಗೊತ್ತಿಲ್ಲದಿದ್ದರೆ ‘ಮದಾಮ್, ಮೆಸ್ಯೋ,’ ಅಂತ ಎರಡೂ. ಕೊನೆಯ ಒಕ್ಕಣೆ ಉದ್ದ: ‘ಝ ವು ಪ್ರೀ ದಾಗ್ರೇಯೇ, ಮದಾಮ್, ಮೆಸ್ಯೋ, ಮೇ ಸಾಲ್ಯುತಾಸ್ಯೋಂ ದಿಸ್ತೇಂಗೇ.’ ನಮ್ಮ ಹಳೆಯ ಪತ್ರಗಳ ‘ಶಿರಸಾಷ್ಟಾಂಗ ನಮಸ್ಕಾರಗಳು’ ಇದ್ದಂತೆ. ಒಂದೊಂದೇ ಪದದ ಅರ್ಥ ಹುಡುಕುವ ಅಗತ್ಯ ಇಲ್ಲ, ಆದರೆ ಬಿಡುವಂತಿಲ್ಲ. ನಿಯಮ ಒಂದೇ: ತಲೆಗೆ ಏನು ಬರೆದಿರೋ ಕೊನೆಯ ಸಾಲಿನ ನಡುವೆ ಅದನ್ನೇ ಅಕ್ಷರಶಃ ಮತ್ತೆ ಬರೆಯಬೇಕು. ಮೇಲೆ ‘ಮದಾಮ್’ ಒಂದೇ ಇದ್ದು ಕೆಳಗೆ ‘ಮದಾಮ್, ಮೆಸ್ಯೋ’ ಆದರೆ ನಕಲು ಹೊಡೆದದ್ದು ತಿಳಿಯುತ್ತದೆ.

ಅಚ್ಚಿನ ಕಣ್ಣಿಗೆ ಕಾಣುವ ತಪ್ಪುಗಳು: ‘ಮೆಸ್ಯೋ’ ಸಂಕ್ಷೇಪ ಬರೀ ‘ಎಂ’ ಅಕ್ಷರ, ಮುಂದೆ ಚುಕ್ಕೆ. ‘ಮಿಸ್ಟರ್’ ಎಂದು ಬರೆಯುವ ಎಂ-ಆರ್ ಇಂಗ್ಲಿಷಿನದು. ನೇರ ಸಂಬೋಧಿಸುವಾಗ ಸಂಕ್ಷೇಪವೇ ಬೇಡ, ಪೂರ್ತಿ ಬರೆಯಬೇಕು. ಪ್ರಶ್ನೆ ಚಿಹ್ನೆ, ಆಶ್ಚರ್ಯ ಚಿಹ್ನೆಗಳ ಹಿಂದೆ ಒಂದು ತೆರಪು ಬಿಡುತ್ತಾರೆ. ಅರ್ಜಿಯಲ್ಲಿ ‘ನೋಂ’ ಅಂದರೆ ಅಡ್ಡಹೆಸರು, ‘ಪ್ರೆನೋಂ’ ಅಂದರೆ ಇಟ್ಟ ಹೆಸರು. ನಮ್ಮ ಕಡೆ ಹಿರೇಮಠ, ಪಾಟೀಲ, ಅಂಗಡಿ ಅಂತ ಅಡ್ಡಹೆಸರು ಇರುವುದರಿಂದ ತೊಂದರೆ ಕಡಿಮೆ. ಅಡ್ಡಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯುವುದು ಅಲ್ಲಿಯ ರೂಢಿ.

ಫೋನಿನಲ್ಲಿ ‘ಆಲೋ’. ಫ್ರಾನ್ಸಿನಲ್ಲಿ ಈ ಮಾತು ಫೋನಿಗೆ ಮಾತ್ರ, ಎದುರಿಗೆ ಬಂದವರಿಗಲ್ಲ. ‘ಆಲೋ, ಬೋಂಝೂರ್ ಮದಾಮ್’ ಅಂದು, ಹೆಸರು ಹೇಳಿ, ಆಮೇಲೆ ಕೆಲಸ. ಆ ಕಡೆಯಿಂದ ‘ಸೆ ದ ಲಾ ಪಾರ್ ದ ಕಿ?’ ಅಂದರೆ ಯಾರು ಮಾತಾಡೋದು ಅಂತ. ‘ನ ಕಿತ್ತೇ ಪಾ’ ಅಂದರೆ ಫೋನ್ ಇಡಬೇಡಿ ಅಂತ. ಬೈದರು ಅಂದುಕೊಂಡು ಇಟ್ಟುಬಿಡಬಾರದು.

ಲಕ್ಕುಂಡಿ_ಬಾವಿ (ಗದಗ)

ಆಲೋ ಬಗ್ಗೆ ಒಂದು ತಿದ್ದುಪಡಿ ಅಲ್ಲ, ಸೇರ್ಪಡೆ. ಕೆನಡಾದ ಫ್ರೆಂಚ್ ಪ್ರಾಂತ ಕ್ಯುಬೆಕ್‌ನಾಗ ಎದುರಿಗೆ ಸಿಕ್ಕವರಿಗೂ ‘ಆಲೋ’ ಅಂತಾರ, ‘ತ್ಯು’ಗೂ ಲಗೂನ ಇಳೀತಾರ, ಹೊರಡೂವಾಗೂ ಬೋಂಝೂರ್ ಅನ್ನೂವವರು ಅದಾರ. ಮಾಂಟ್ರಿಯಲ್ ಅಂಗಡಿಗೋಳ ‘ಬೋಂಝೂರ್-ಹಾಯ್’ ಬಿಟ್ಟು ಬರೇ ಬೋಂಝೂರ್ ಅನ್ರಿ ಅಂತ 2017ರ ನವೆಂಬರ್ 30ಕ್ಕ ಅಲ್ಲಿ ವಿಧಾನಸಭೆ ಒಮ್ಮತದಿಂದ ಗೊತ್ತುವಳಿ ಮಾಡೇತಿ. ಸ್ವಿಟ್ಜರ್ಲೆಂಡಿನ ವೋ ಪ್ರಾಂತದಾಗ ಆದ್ಯೋ ಅಂದ್ರ ಸಲಿಗಿಯವರಿಗೆ ಬಂದಾಗ ಅನ್ನೂ ನಮಸ್ಕಾರನೂ ಹೌದು. ಲಿಯೋನ್‌ಗೆ ಹೋಗಾಕಿಗೆ ಇವ್ಯಾವೂ ಬ್ಯಾಡ, ಕ್ಲಾಸಿನಾಗ ಆ ಕಡಿಯವರು ಸಿಕ್ರ ಗೊತ್ತಿರಲಿ ಅಂತ ಬರದೆ.

ಉಣಕಲ್_ಕೆರಿ (ಹುಬ್ಬಳ್ಳಿ)

ಎಲ್ಲಾ ಪ್ರಿಂಟ್ ತಗದು ಕೊಟ್ಟೇನ್ರಿ. ಕಡೀದೊಂದು. ಮಾಲಕಿ ಮನಿಗೆ ಮೊದಲ ದಿನ ಬರಿಗೈಲೆ ಹೆಂಗ ಹೋಗೂದು? ಧಾರವಾಡ ಪೇಢಾ, ಒಂದು ಹೂವಿನ ಗುಚ್ಛ ಅಂತ ಅಂದ್ಕೊಂಡೇವಿ.

ಹಾವೇರಿ_ಏಲಕ್ಕಿ

ಪೇಢಾ ಬೇಡ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥ ತರಬಾರದು ಅಂತ ನಿಯಮ ಇದೆ. ಪೇಢಾ ಖೋವಾದಿಂದ ಮಾಡಿದ್ದು, ನಿಲ್ದಾಣದಲ್ಲಿ ವಾದ ಮಾಡುವ ಬದಲು ಊರಲ್ಲೇ ತಿಂದು ಹೋಗಲಿ. ಕಸೂತಿ ಹಾಕಿದ ಒಂದು ಟೇಬಲ್ ಬಟ್ಟೆ ಹಗುರ, ಒಡೆಯುವುದಿಲ್ಲ, ಕೆಡುವುದಿಲ್ಲ.

ಹೂವು ಅಲ್ಲಿಯೇ ಕೊಳ್ಳಬಹುದು, ಸೇವಂತಿಗೆ ಮಾತ್ರ ಬೇಡ. ನಮಗದು ಪೂಜೆಯ ಹೂವು. ಅಲ್ಲಿ ನವೆಂಬರ್ 1ರ ಸುಮಾರಿಗೆ ಕುಂಡ ಕುಂಡ ಸೇವಂತಿಗೆ ಒಯ್ದು ಗೋರಿಗಳ ಮೇಲೆ ಇಡುತ್ತಾರೆ. ಕೊಡುವಾಗ ‘ಸೆ ಪೂರ್ ವು, ಮದಾಮ್’ (ಇದು ನಿಮಗೆ) ಅಂದರೆ ಸಾಕು. ಅವರು ಕಾಗದ ಬಿಚ್ಚಿ ಅಲ್ಲೇ ಎದುರಿಗೆ ನೋಡುತ್ತಾರೆ. ಅದಕ್ಕೆ ಮುಜುಗರ ಬೇಡ, ಅಲ್ಲಿ ಬಿಚ್ಚದೆ ಪಕ್ಕಕ್ಕಿಟ್ಟರೇ ತಪ್ಪು.